ಅಮೃತ ಹಸ್ತದಿಂದ

ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಪಕ್ಕದ ಕೋಟೆಗೆ ಹೋದವರು ಸಾಮಾನ್ಯವಾಗಿ ದೆಹಲಿ ಬಾಗಿಲು ನೋಡಿ, ಒಂದು ಸೆಲ್ಫಿ ತಗೊಂಡು ವಾಪಸ್ ಬರ್ತಾರೆ. ಅಲ್ಲಿ ಗೋಡೆಯ ಮೇಲೆ ಇಂಗ್ಲಿಷಿನ ಒಂದು ಸಣ್ಣ ಫಲಕ ಇದೆ. 1791ರ ಮಾರ್ಚ್ 21ರಂದು ಬ್ರಿಟಿಷರ ದಾಳಿ ನಡೆದದ್ದು ಗೋಡೆಯ ಈ ಒಡಕಿನಿಂದ ಅನ್ನೋ ಅರ್ಥದ ಒಂದೇ ಮಾತು. ಆವತ್ತು ಕಾರ್ನ್‌ವಾಲಿಸನ ಸೈನ್ಯದ ಎದುರು ಕೋಟೆ ಕಾಯ್ತಿದ್ದ ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡಿ ಸತ್ತ. ಫಲಕದಲ್ಲಿ ಅವನ ಹೆಸರಿಲ್ಲ. ಗೋಡೆಗೆ ಬಿದ್ದ ತೂತಿಗೆ ಇರೋ ಜಾಗ ಗೋಡೆ ಕಾದವನಿಗಿಲ್ಲ.

ಅದೇ ಯುದ್ಧದಲ್ಲಿ ಸತ್ತ ತಮ್ಮವರಿಗಾಗಿ ಬ್ರಿಟಿಷರು ಕಟ್ಟಿದ್ದ ಸ್ಮಾರಕವನ್ನು 1964ರಲ್ಲಿ ಕಾರ್ಪೊರೇಷನ್ ಕಿತ್ತು ಹಾಕಿತು. ಕೀಳಬೇಕು ಅಂದವರ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೆ ಅದರಿಂದ ಬಹಾದ್ದೂರ್ ಖಾನನಿಗೆ ಏನು ಸಿಕ್ತು? ಊರಲ್ಲಿ ಒಂದಷ್ಟು ಹೆಸರು ಕಮ್ಮಿ ಆದವು, ಹೊಸದಾಗಿ ಒಂದೂ ಸೇರಲಿಲ್ಲ.

ಈಗ ಇದಕ್ಕಿಂತ ಒಂಬೈನೂರು ವರ್ಷ ಹಿಂದಿನ ಒಂದು ಕಲ್ಲು ನೋಡಿ. ಬೇಗೂರಿನಲ್ಲಿ ಸಿಕ್ಕ ವೀರಗಲ್ಲು, ಈಗ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ. ನಾಗತ್ತರ ಅನ್ನೋನು ತುಂಬೆಪಾಡಿಯ ಕಾಳಗದಲ್ಲಿ ಆನೆಗೆ ಎದುರು ನಿಂತು ಸತ್ತ. ಅದಕ್ಕೆ ಗಂಗರ ಎರೆಯಪ್ಪ ಇರುಗ ಅನ್ನೋನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಕೊಟ್ಟ ಹಳ್ಳಿಗಳ ಹೆಸರೆಲ್ಲ ಕಲ್ಲಿನಲ್ಲೇ ಇವೆ. ಅಂದರೆ ಅದು ಬರೀ ಹೊಗಳಿಕೆ ಅಲ್ಲ, ಕರಾರು. ಕಲ್ಲು ಬರೆಸಿದವನನ್ನೇ ಕಟ್ಟಿಹಾಕೋ ಕಾಗದಪತ್ರ. ನಮ್ಮ ಕಡೆ ಎಷ್ಟೋ ಶಾಸನಗಳು ಶಾಪದಲ್ಲಿ ಮುಗಿಯೋದೂ ಅದಕ್ಕೇ: ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ಬರಲಿ ಅಂತ. ಪೆನಾಲ್ಟಿ ಕ್ಲಾಸ್ ಇಲ್ಲದ ಅಗ್ರಿಮೆಂಟು ಆಗಲೂ ನಡೀತಿರಲಿಲ್ಲ ಅನ್ಸುತ್ತೆ.

ನಮ್ಮ ಗುಬ್ಬಿ ತಾಲ್ಲೂಕಿನ ಕಡಬದ ತಾಮ್ರಪಟಗಳೂ ಹಂಗೇ. 812ರದ್ದು, ರಾಷ್ಟ್ರಕೂಟರ ಮೂರನೇ ಗೋವಿಂದನ ಕಾಲದ್ದು. ಆಗ ಕುಣಿಗಲ್ ಸೀಮೆ ಆಳ್ತಿದ್ದ ವಿಮಲಾದಿತ್ಯನಿಗೆ ಶನಿಕಾಟ. ಅರ್ಕಕೀರ್ತಿ ಅನ್ನೋ ಜೈನ ಮುನಿ ಅದನ್ನ ಬಿಡಿಸಿದ್ದಕ್ಕೆ ಜಾಲಮಂಗಲ ಅನ್ನೋ ಹಳ್ಳಿ ದಾನ. ಕೊಟ್ಟವರು, ಪಡೆದವರು, ಕೊಟ್ಟಿದ್ದು ಯಾಕೆ, ಎಲ್ಲಾ ಇದೆ. (ಪಾಪ, ಆ ಅಧಿಕಾರಿಯ ಶನಿಕಾಟ ಸಾವಿರದಿನ್ನೂರು ವರ್ಷ ಆದರೂ ಊರಿಗೆಲ್ಲ ಗೊತ್ತು!) ಹಳೇ ಕಲ್ಲೆಲ್ಲ ನ್ಯಾಯದ್ದು ಅಂತ ನಾನೇನೂ ಹೇಳ್ತಿಲ್ಲ. ಮಾಸ್ತಿಗಲ್ಲಿನ ಮೇಲೆ ಹೆಂಗಸಿಗೆ ಜಾಗ ಸಿಕ್ಕಿದ್ದು ಎಂಥ ಬೆಲೆಗೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಯಾವುದಕ್ಕೆ ಯಾರು ಬದ್ಧರು ಅನ್ನೋದನ್ನ ಆ ಕಲ್ಲುಗಳು ಬಾಯಿಬಿಟ್ಟು ಹೇಳ್ತಿದ್ದವು.

ಈಗಿನ ಗ್ರಾನೈಟ್ ಫಲಕ ಓದಿ ನೋಡಿ. ಇಂಥವರ ಅಮೃತ ಹಸ್ತದಿಂದ, ಇಂಥವರ ಘನ ಉಪಸ್ಥಿತಿಯಲ್ಲಿ. ಅದು ಆವತ್ತಿನ ಹಾಜರಿ ಪುಸ್ತಕ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಗಿಟ್ ಬ್ಲೇಮ್ ಅಂತ ಒಂದು ಕಮಾಂಡ್ ಇದೆ. ಕೋಡಿನ ಯಾವ ಸಾಲನ್ನು ಯಾರು, ಯಾವಾಗ ಬರೆದರು ಅಂತ ಥಟ್ಟನೆ ತೋರಿಸುತ್ತೆ. ಅದರಲ್ಲಿ ರಿಲೀಸ್ ದಿನ ಕೇಕ್ ಕತ್ತರಿಸಿದ ಮ್ಯಾನೇಜರ್ ಹೆಸರು ಬರೋದಿಲ್ಲ.

ಇಷ್ಟೆಲ್ಲ ತಲೆಗೆ ಹತ್ತಿದ್ದು ಸಿ.ಎಸ್. ಪುರ ಹೋಬಳಿಯ ನಮ್ಮೂರಿನ ಶಾಲೆಯಿಂದ. ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಕಾಂಪೌಂಡ್ ಕಟ್ಟಿಸ್ತಿದೀವಿ. ಹತ್ತು ಸಾವಿರಕ್ಕೆ ಮೇಲೆ ಕೊಟ್ಟವರ ಹೆಸರು ಕಲ್ಲಿನ ಮೇಲೆ. ನಾನು ಕಂಪ್ಯೂಟರಿನವನು ಅಂತ ಫಲಕ ಟೈಪ್ ಮಾಡೋ ಕೆಲಸ ನನಗೇ ಬಂತು. ಪಟ್ಟಿಯಲ್ಲಿ ನನ್ನ ಹೆಸರು ಮೂರನೇದು. ಶಾಲೆ ನಿಂತಿರೋ ಹನ್ನೆರಡು ಗುಂಟೆಯನ್ನ ಬಾಯಿಮಾತಲ್ಲೇ ಬಿಟ್ಟುಕೊಟ್ಟ ಅಜ್ಜಿಯ ಹೆಸರು ಎಲ್ಲೂ ಇಲ್ಲ. ಅವರ ಮೊಮ್ಮಗ ಆಟೋ ಓಡಿಸ್ತಾನೆ. ಉಳಿದ ಚೂರು ಹೊಲಕ್ಕೆ ಅವನು ಹೋಗೋದು ಶಾಲೆ ಅಂಗಳದ ಅಂಚಿನಲ್ಲೇ. ಗೋಡೆ ಎದ್ದರೆ ಆ ದಾರಿ ಮುಚ್ಚುತ್ತೆ.

ನಾನು ಎರಡು ಸಾಲು ಸೇರಿಸಿದೆ. ಒಂದು, ಅಜ್ಜಿಯ ಹೆಸರು. ಇನ್ನೊಂದು, ಅವರ ಮನೆಯವರ ಹೊಲಕ್ಕೆ ಎಂಟಡಿ ದಾರಿ ಬಿಡತಕ್ಕದ್ದು ಅಂತ. ಮೊದಲನೇದಕ್ಕೆ ಎಲ್ಲರೂ ಕೈ ಮುಗಿಯೋ ಎಮೋಜಿ ಹಾಕಿದರು. ಎರಡನೇದಕ್ಕೆ ಗ್ರೂಪ್ ಪೂರ್ತಿ ತಣ್ಣಗಾಯ್ತು. ಆಮೇಲೆ ಹಿರಿಯರೊಬ್ಬರು ಫೋನ್ ಮಾಡಿ, "ದಾರಿ ಬಿಟ್ಟೇ ಬಿಡ್ತೀವಪ್ಪ, ಅದನ್ನ ಕಲ್ಲಲ್ಲಿ ಬರೆಸೋದ್ಯಾಕೆ? ಆಯಮ್ಮ ಏನಾದರೂ ಲೆಕ್ಕ ಇಟ್ಟು ಕೊಟ್ಟಿದ್ಳಾ? ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತಾರೆ" ಅಂದರು.

ಅವರ ಮಾತು ಸುಲಭಕ್ಕೆ ತಳ್ಳಿಹಾಕೋ ಅಂಥದ್ದಲ್ಲ. ದಾನಕ್ಕೆ ಷರತ್ತು ಅಂಟಿಸಿದರೆ ಅದು ವ್ಯಾಪಾರ ಆಗುತ್ತೆ, ಅಜ್ಜಿಯ ದೊಡ್ಡತನವೂ ಚಿಕ್ಕದಾಗುತ್ತೆ ಅನ್ನೋ ಭಯ ನನಗೂ ಇದೆ. ಆದರೆ ಲೆಕ್ಕ ಇಡಬಾರದು ಅನ್ನೋ ಮಾತು ಕೊಟ್ಟ ಕೈಗೆ ಹೇಳಿದ್ದು. ತಗೊಂಡ ಕೈ ಅದನ್ನೇ ಹೇಳೋಕೆ ಶುರು ಮಾಡಿದರೆ ಅದಕ್ಕೆ ಬೇರೆ ಹೆಸರಿದೆ. ಇನ್ನು ಬಾಯಿಮಾತಿನ ಬೆಲೆ ಏನು ಅಂತ ಇಷ್ಟು ವರ್ಷದಲ್ಲಿ ಆ ಹನ್ನೆರಡು ಗುಂಟೆಯೇ ತೋರಿಸಿಕೊಟ್ಟಿದೆ.

ಮೊಮ್ಮಗನನ್ನೇ ಕೇಳಿದೆ. "ಅಜ್ಜಿ ಹೆಸರು ಹಾಕದೇ ಇದ್ರೂ ಪರವಾಗಿಲ್ಲ ಅಣ್ಣ, ದಾರಿ ಹಾಕ್ಸು" ಅಂದ.

ಗುಬ್ಬಿಯಲ್ಲಿ ಕಲ್ಲು ಕೆತ್ತೋರು ಅಕ್ಷರಕ್ಕಿಷ್ಟು ಅಂತ ತಗೊಳ್ತಾರೆ. ಆ ಸಾಲಿನ ದುಡ್ಡು ನಾನೇ ಕೊಡ್ತೀನಿ, ಜಾಗ ಸಾಲದಿದ್ದರೆ ಮೂರನೇ ಹೆಸರು ತೆಗೀರಿ ಅಂತ ಗ್ರೂಪಲ್ಲಿ ಹಾಕಿದೀನಿ. ನೀಲಿ ಟಿಕ್ ಬಂದಿದೆ. ಗೋಡೆ ಮೂರು ವರಸೆ ಎದ್ದಿದೆ, ಹೊಲದ ಕಡೆ ಸದ್ಯಕ್ಕೆ ಎಂಟಡಿ ಖಾಲಿ ಬಿಟ್ಟಿದ್ದಾರೆ.