ಮಗುವಿಗೆ ನಾವಿಡುವ ಎರಡನೆಯ ಹೆಸರು

ಮಗು ಹುಟ್ಟಿದಾಗ ಹಿರಿಯರನ್ನು ಕೇಳಿ, ಅರ್ಥ ವಿಚಾರಿಸಿ ಒಳ್ಳೆಯ ಹೆಸರಿಡುತ್ತೇವೆ. ಅಕೀಕಾ ಮಾಡಿ ನೆಂಟರಿಷ್ಟರಿಗೆ ಉಣಬಡಿಸುತ್ತೇವೆ. ಆದರೆ ಅದೇ ಮಗು ಶಾಲೆಗೆ ಹೋಗುವ ವೇಳೆಗೆ ಎಷ್ಟೋ ಮನೆಗಳಲ್ಲಿ ಆ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿರುತ್ತದೆ. ಮನೆಯೊಳಗೆ ಅವನು 'ದಡ್ಡ', ಇಲ್ಲವೇ 'ಸೋಮಾರಿ'. ಅತಿಥಿಗಳು ಬಂದರೆ, "ದೊಡ್ಡವನು ಬಹಳ ಚುರುಕು, ಇವನೊಬ್ಬ ಹೀಗೆ" ಎಂದು ಪರಿಚಯಿಸುತ್ತೇವೆ. "ಇವಳ ಬಣ್ಣಕ್ಕೆ ಎಷ್ಟು ಚಿನ್ನ ಕೊಡಬೇಕಾಗುತ್ತದೋ!" ಎಂದು ನಗುತ್ತಾ ಆಡಿದ ಮಾತನ್ನು ಆಡಿದವರು ಚಹಾ ಕುಡಿದು ಮುಗಿಸುವುದರೊಳಗೆ ಮರೆತುಬಿಡುತ್ತಾರೆ. ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡ ಹುಡುಗಿ ಮರೆಯುವುದಿಲ್ಲ. ಕನ್ನಡಿ ನೋಡಿದಾಗಲೆಲ್ಲ ಅದೇ ಮಾತು ಅವಳ ಕಿವಿಯಲ್ಲಿರುತ್ತದೆ.

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 11ನೆಯ ಸೂಕ್ತವು ಪರಸ್ಪರ ಗೇಲಿ ಮಾಡುವುದನ್ನೂ ಹೀಯಾಳಿಸುವುದನ್ನೂ ಅಡ್ಡಹೆಸರುಗಳಿಂದ ಕರೆಯುವುದನ್ನೂ ನಿಷೇಧಿಸಿದೆ. ನೆರೆಯವನನ್ನು ಹಾಗೆ ಕರೆಯಲು ನಾವು ಅಂಜುತ್ತೇವೆ, ಜಗಳವಾದೀತೆಂಬ ಭಯ. ತಿರುಗಿ ಮಾತಾಡದ ಮಗುವಿನ ವಿಷಯದಲ್ಲಿ ಮಾತ್ರ ಆ ಆಜ್ಞೆ ನಮಗೆ ನೆನಪಾಗುವುದಿಲ್ಲ.

"ಹಾಗಾದರೆ ಮಕ್ಕಳನ್ನು ತಿದ್ದುವುದೇ ಬೇಡವೇ?" ಎಂದು ನೀವು ಕೇಳಬಹುದು. ತಿದ್ದಲೇಬೇಕು. ಆದರೆ "ಈ ಲೆಕ್ಕ ತಪ್ಪಾಗಿದೆ" ಎಂಬುದು ಒಂದು ಮಾತು, "ನಿನ್ನ ತಲೆಗೆ ಲೆಕ್ಕ ಹತ್ತುವುದಿಲ್ಲ" ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಿದ ಮಗು ಮತ್ತೆ ಲೆಕ್ಕ ಮಾಡುತ್ತದೆ. ಎರಡನೆಯದನ್ನು ಕೇಳಿದ ಮಗುವಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಹಝ್ರತ್ ಅಬ್ದುಲ್ಲಾ ಬಿನ್ ಉಮರ್(ರ) ಆಗ ಇನ್ನೂ ಅವಿವಾಹಿತ ತರುಣ, ಮಸೀದಿಯಲ್ಲೇ ಮಲಗುತ್ತಿದ್ದರು. ಒಂದು ರಾತ್ರಿ ಕಂಡ ಭಯಾನಕ ಕನಸನ್ನು ಸಹೋದರಿ ಹಫ್ಸಾ(ರ)ರಿಗೆ ತಿಳಿಸಿದರು. ಅವರು ಅದನ್ನು ಪ್ರವಾದಿವರ್ಯರಿಗೆ(ಸ) ಹೇಳಿದರು. ಅಬ್ದುಲ್ಲಾ ಬಹಳ ಒಳ್ಳೆಯ ವ್ಯಕ್ತಿ, ರಾತ್ರಿಯ ನಮಾಝನ್ನೂ ನಿರ್ವಹಿಸುತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎಂಬರ್ಥದ ಮಾತು ಪ್ರವಾದಿವರ್ಯರಿಂದ(ಸ) ಬಂತು. ಕೊರತೆಯನ್ನು ಮುಚ್ಚಿಡಲಿಲ್ಲ, ಆದರೆ ಆ ಕೊರತೆಯನ್ನೇ ಅವರ ಹೆಸರನ್ನಾಗಿಸಲಿಲ್ಲ. ಆ ಬಳಿಕ ಅಬ್ದುಲ್ಲಾ(ರ) ರಾತ್ರಿ ಸ್ವಲ್ಪವೇ ನಿದ್ರಿಸುತ್ತಿದ್ದರೆಂದು ಬುಖಾರಿಯಲ್ಲಿದೆ. ಅಂದ ಹಾಗೆ, ಇದು ಬರಿಯ ಮುಖಸ್ತುತಿಯಲ್ಲ. ಸುಳ್ಳು ಹೊಗಳಿಕೆಯನ್ನು ಮಕ್ಕಳು ನಮಗಿಂತ ಬೇಗ ಗುರುತಿಸುತ್ತಾರೆ.

ಹಝ್ರತ್ ಅನಸ್(ರ) ಬಾಲ್ಯದಿಂದಲೇ 10 ವರ್ಷ ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದರು. ಆ ಅವಧಿಯಲ್ಲಿ ಒಮ್ಮೆಯೂ 'ಛೆ' ಎಂಬ ಮಾತು ಕೇಳಲಿಲ್ಲವೆಂದು ಅವರೇ ಹೇಳಿದ್ದಾರೆ. ನಮ್ಮ ಮನೆಯ ಮಗು ಬೆಳಗಿನ ಉಪಾಹಾರಕ್ಕೆ ಮೊದಲೇ ಎಷ್ಟು 'ಛೆ' ಕೇಳುತ್ತದೆಂದು ಒಂದು ದಿನ ಎಣಿಸಿ ನೋಡಿ.

ಇನ್ನೊಂದು ಘಟನೆಯನ್ನು ಸಹ್ಲ್ ಬಿನ್ ಸಅದ್(ರ) ವರದಿ ಮಾಡಿದ್ದಾರೆ. ಪ್ರವಾದಿವರ್ಯರಿಗೆ(ಸ) ಪಾನೀಯ ತರಲಾಗಿತ್ತು. ಬಲಬದಿಯಲ್ಲೊಬ್ಬ ಹುಡುಗ, ಎಡಬದಿಯಲ್ಲಿ ಹಿರಿಯರು. ಕುಡಿದಾದ ಬಳಿಕ, ಹಿರಿಯರಿಗೆ ಮೊದಲು ಕೊಡಲು ನಿನ್ನ ಅನುಮತಿಯಿದೆಯೇ ಎಂದು ಹುಡುಗನನ್ನು ಕೇಳಿದರು. ತಮ್ಮಿಂದ ದೊರೆಯುವ ಪಾಲನ್ನು ಯಾರಿಗೂ ಬಿಟ್ಟುಕೊಡಲಾರೆ ಎಂದ ಆತ. ನಮ್ಮಲ್ಲಾಗಿದ್ದರೆ, "ದೊಡ್ಡವರ ಮುಂದೆ ಅಧಿಕಪ್ರಸಂಗ!" ಎಂದು ಗದರಿಸಿ ಒಳಗೆ ಅಟ್ಟುತ್ತಿದ್ದೆವು. ಪ್ರವಾದಿವರ್ಯರು(ಸ) ಪಾತ್ರೆಯನ್ನು ಆ ಹುಡುಗನ ಕೈಗಿತ್ತರು.