ಅಕ್ಕ ಯಾವ ದಿಕ್ಕು?


ಇಂದಿನ ಚಿಂತನೆ



ಕಳೆದ ಭಾನುವಾರ ನಮ್ಮ ಕೂಟದಲ್ಲಿ ಸಿಗಾಲೋವಾದ ಸುತ್ತ ಓದಿದೆವು. ಆರು ದಿಕ್ಕಿಗೆ ಕೈಮುಗಿಯುತ್ತಿದ್ದ ಸಿಗಾಲನಿಗೆ ಭಗವಾನ್ ಬುದ್ಧರು, ದಿಕ್ಕುಗಳೆಂದರೆ ನಿನ್ನ ಸುತ್ತಲಿನ ಮನುಷ್ಯರು ಎಂದು ತಿಳಿಸುತ್ತಾರೆ. ಪೂರ್ವ ತಾಯಿತಂದೆ, ದಕ್ಷಿಣ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಸ್ನೇಹಿತರು, ಕೆಳಗೆ ನಮಗಾಗಿ ದುಡಿಯುವವರು, ಮೇಲೆ ಶ್ರಮಣರು. ಮನೆಗೆ ಬಂದ ಮೇಲೆ ಒಂದು ಪ್ರಶ್ನೆ ಕಾಡಿತು. ಇದರಲ್ಲಿ ನನ್ನ ಅಕ್ಕ ಎಲ್ಲಿದ್ದಾಳೆ?

ಸೊರಬ ತಾಲ್ಲೂಕಿನ ಹೊಸಬಾಳೆ ನಮ್ಮೂರು. ಅಕ್ಕ ನನಗಿಂತ 7 ವರ್ಷ ದೊಡ್ಡವಳು. ಅವ್ವ ನಾಟಿಗೆ ಹೋದರೆ ನಾನು ಅಕ್ಕನ ಸೊಂಟದ ಮೇಲೆ. ಮಳೆ ಹಿಡಿದ ದಿನ ಒಂದೇ ಗೋಣಿ ಕೊಪ್ಪೆಯೊಳಗೆ ಇಬ್ಬರೂ. ಒಲೆಯ ಕೆಂಡದಲ್ಲಿ ಹಲಸಿನ ಬೀಜ ಸುಟ್ಟು, ಸಿಪ್ಪೆ ಸುಲಿದು, ಊದಿ ಊದಿ ನನ್ನ ಬಾಯಿಗೆ ಇಡುತ್ತಿದ್ದಳು. ನನ್ನ ತಲೆಗೂದಲು ಕತ್ತರಿಸುತ್ತಿದ್ದವಳೂ ಅವಳೇ. ಅಂಗಳದಲ್ಲಿ ಕೂರಿಸಿ, ಅಲುಗಾಡಿದರೆ ತಲೆಗೊಂದು ಮೊಟಕುತ್ತಿದ್ದಳು. ನನಗೆ ಅದೆಲ್ಲ ಆಟ.

ನಾಲ್ಕನೇ ಕ್ಲಾಸಿಗೆ ಅವಳ ಶಾಲೆ ನಿಂತಿತು. ನನ್ನನ್ನು ನೋಡಿಕೊಳ್ಳಲು ಜನ ಬೇಕಿತ್ತು. ಮುಂದೆ ನಾನು ಶಾಲೆಗೆ ಸೇರಿದಾಗ ದಿನಾ ಸಂಜೆ ಕೇಳುತ್ತಿದ್ದಳು, “ತಮ್ಮಾ, ಇವತ್ತು ಮೇಷ್ಟ್ರು ಏನ್ ಹೇಳ್ಕೊಟ್ರು? ಪೂರ್ತಿ ಹೇಳು.” ನನ್ನ ಪಾಠ ಪರೀಕ್ಷೆ ಮಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಕಲಿಯುತ್ತಿದ್ದಳು ಎಂದು ತಿಳಿಯಲು ನನಗೆ ಎಷ್ಟೋ ವರ್ಷ ಬೇಕಾಯಿತು.

ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’ ಓದುವಾಗ ಒಂದು ಪುಟದಲ್ಲಿ ನಿಂತುಬಿಟ್ಟೆ. ಸಾತಾರೆಯಲ್ಲಿ ಕ್ಷೌರಿಕರಿದ್ದರು, ಕೊಡಲು ದುಡ್ಡೂ ಇತ್ತು. ಆದರೂ ಅಸ್ಪೃಶ್ಯರೆಂಬ ಕಾರಣಕ್ಕೆ ಯಾರೂ ಮುಟ್ಟುತ್ತಿರಲಿಲ್ಲ. ಅವರ ಕೂದಲು ಕತ್ತರಿಸುತ್ತಿದ್ದವರು ಅವರ ಅಕ್ಕ. ನಮ್ಮ ಅಂಗಳದ ಕತ್ತರಿಯ ಸದ್ದು ಕಿವಿಗೆ ಬಂತು. ಅದು ಬರೀ ದುಡ್ಡಿಲ್ಲದ ಕಾರಣಕ್ಕಲ್ಲ ಎಂದು ಅಂದು ಹೊಳೆಯಿತು. ಊರು ಕೊಡುವ ಅವಮಾನ ತಮ್ಮನ ತನಕ ಬರದಂತೆ ಅಕ್ಕ ಅದನ್ನು ಆಟ ಮಾಡಿದ್ದಳು.

ಅಪ್ಪ ತೀರಿಕೊಂಡ ಮೇಲೆ 1 ಎಕರೆ 10 ಗುಂಟೆ ಗದ್ದೆಯ ಪೌತಿ ಖಾತೆ ಆಗಬೇಕಿತ್ತು. ಎಲ್ಲರೂ ಹೇಳಿದರು, ಹೆಣ್ಣುಮಗಳ ಕೈಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿಕೋ ಅಂತ. ಶಿಕಾರಿಪುರದ ಕಡೆ ಇರುವ ಅಕ್ಕನ ಮನೆಗೆ ಕಾಗದ ಹಿಡಿದು ಹೋದೆ. ಚಹಾ ಕುಡಿಯುತ್ತಾ ಹಳೆಯದನ್ನೆಲ್ಲ ನೆನೆದು ನಕ್ಕೆವು. ಆಮೇಲೆ ಕಾಗದ ತೆಗೆದೆ. ಅವಳು ಓದಲಿಲ್ಲ. “ಎಲ್ಲಿ ಹಾಕ್ಲಿ ತಮ್ಮಾ?” ಎಂದು ಪೆನ್ನು ಹಿಡಿದಳು. ಸಂಜೆಯ ಹೊತ್ತು ನನ್ನಿಂದ ಕೇಳಿ ಕಲಿತ ಅಕ್ಷರಗಳಲ್ಲಿ, ತನ್ನ ಪಾಲು ಬಿಟ್ಟುಕೊಡಲು ಹೊರಟಿದ್ದಳು.

ನಾನು ಕಾಗದ ವಾಪಸ್ಸು ಎಳೆದುಕೊಂಡೆ. “ಬೇಡಕ್ಕ. ನಿನ್ನ ಹೆಸರೂ ಸೇರಲಿ” ಅಂದೆ. ಅವಳಿಗೆ ಸಂತೋಷವಾಗಲಿಲ್ಲ. ಕಣ್ಣು ತುಂಬಿತು. “ಪಾಲು ತಗೊಂಡ್ರೆ ನಾಳೆ ನಂಗೆ ತವರು ಇರ್ತದೇನೋ?” ಅಂದಳು.

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಅಂದರೆ ಇಷ್ಟು ವರ್ಷ ಅವಳ ಮನಸ್ಸಿನಲ್ಲಿ ತವರಿನ ಬಾಗಿಲಿಗೆ ಒಂದು ಬೆಲೆ ಇತ್ತು, ಅದು ಅವಳ ಪಾಲು. ನಾನು ಅದನ್ನು ಪ್ರೀತಿ ಎಂದು ಕರೆಯುತ್ತಿದ್ದೆ. ನೆನಪು ಸಿಹಿಯಾದಷ್ಟೂ ಕೇಳುವುದು ಸುಲಭ, ಇಲ್ಲ ಅನ್ನುವುದು ಅವಳಿಗೆ ಕಷ್ಟ.

ಧಮ್ಮದಲ್ಲಿ ‘ಪುಬ್ಬಕಾರಿ’ ಎಂಬ ಪದವಿದೆ, ಯಾರೂ ಕೇಳದೆ ಮೊದಲು ಉಪಕಾರ ಮಾಡುವವರು. ‘ಕತಞ್ಞೂ ಕತವೇದೀ’ ಎಂದರೆ ಆ ಉಪಕಾರವನ್ನು ಅರಿತು, ಅದಕ್ಕೆ ತಕ್ಕಂತೆ ನಡೆದುಕೊಳ್ಳುವವರು. ಈ ಇಬ್ಬರೂ ಲೋಕದಲ್ಲಿ ಅಪರೂಪ ಎಂದಿದ್ದಾರೆ ಬುದ್ಧರು. ಅಕ್ಕನನ್ನು ನೆನೆದು ಕಣ್ಣೀರು ಹಾಕುವುದು ಅರಿಯುವುದಷ್ಟೇ. ಅದು ಅರ್ಧ ದಾರಿ.

ಬಾಬಾಸಾಹೇಬರ ಓದಿನ ದಿನಗಳಲ್ಲಿ ಪುಸ್ತಕಕ್ಕೆ ದುಡ್ಡಿಲ್ಲದಾಗ ತಂದೆ ರಾಮ್‌ಜಿ ಮದುವೆಯಾದ ಹೆಣ್ಣುಮಕ್ಕಳ ಬಳಿ ಹೋಗುತ್ತಿದ್ದರು. ಅವರ ಒಡವೆ ಅಡವಿಟ್ಟು ಪುಸ್ತಕ ತಂದು, ಪಿಂಚಣಿ ಬಂದಾಗ ಬಿಡಿಸಿಕೊಡುತ್ತಿದ್ದರು. ಅದೇ ತಮ್ಮ ಮುಂದೆ ದೇಶದ ಕಾನೂನು ಮಂತ್ರಿಯಾಗಿ, ಹಿಂದೂ ಕೋಡ್ ಬಿಲ್‌ನಲ್ಲಿ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗಾಗಿ ಹೋರಾಡಿದರು. ಆ ಬಿಲ್ಲಿಗೆ ಅಡ್ಡಿಯಾದದ್ದೂ 1951ರ ಸೆಪ್ಟೆಂಬರ್‌ನಲ್ಲಿ ಅವರು ರಾಜೀನಾಮೆ ಕೊಡಲು ಒಂದು ಮುಖ್ಯ ಕಾರಣ. ಬೌದ್ಧರಾದ ನಮಗೂ ಅನ್ವಯಿಸುವ ಉತ್ತರಾಧಿಕಾರ ಕಾಯ್ದೆ, 2005ರ ತಿದ್ದುಪಡಿಯ ನಂತರ, ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಡುತ್ತದೆ. ಆದರೂ ಅಂಬೇಡ್ಕರರ ಫೋಟೋ ಇರುವ ನಮ್ಮ ಮನೆಗಳಲ್ಲೇ ಬಿಡುಗಡೆ ಪತ್ರಗಳಿಗೆ ಸಹಿ ಬೀಳುತ್ತಿದೆ.

ಅಕ್ಕ ಯಾವ ದಿಕ್ಕು? ಎತ್ತಿ ಆಡಿಸಿದ್ದಕ್ಕೆ ಪೂರ್ವ. ಜೊತೆಗೆ ಆಡಿದ್ದಕ್ಕೆ ಉತ್ತರ. ಕೂಲಿಯಿಲ್ಲದೆ ದುಡಿದಿದ್ದಕ್ಕೆ ಕೆಳಗಿನ ದಿಕ್ಕು. ದುಡಿದವರಿಗೆ ಊಟವನ್ನೂ ಕೂಲಿಯನ್ನೂ ಕೊಡಬೇಕು ಎಂದು ಅದೇ ಸುತ್ತ ಹೇಳುತ್ತದೆ.

ಈಗ ಪಹಣಿಯಲ್ಲಿ ಅಕ್ಕನ ಹೆಸರೂ ಇದೆ. ಸುಗ್ಗಿಗೆ ಬಂದಳು, ಗದ್ದೆಯ ಬದುವಿನ ಮೇಲೆ ಸುಮ್ಮನೆ ನಡೆದಳು. ಸಂಜೆ ಕೆಂಡದಲ್ಲಿ ನಾನೇ ಹಲಸಿನ ಬೀಜ ಸುಟ್ಟು ಕೊಟ್ಟೆ. “ಸೀದು ಹೋಗಿದೆ ಕಣೋ” ಅಂದಳು, ತಿಂದಳು.

ಇಂದು ನಿಮ್ಮ ಅಕ್ಕನಿಗೆ ಒಂದು ಫೋನ್ ಮಾಡಿ. ಅವಳಿಂದ ಸಹಿ ಪಡೆದ ಕಾಗದ ಮನೆಯಲ್ಲಿದ್ದರೆ, ಅದನ್ನೊಮ್ಮೆ ತೆಗೆದು ನೋಡಿ.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ.