ಗೆದ್ದದ್ದು ಯಾರು ಎಂದು ಕೇಳುವ ಮೊದಲು

1984ರ ಅಕ್ಟೋಬರ್ 21ರಂದು ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಮತ್ತು ಎದುರಾಳಿ ವಾಲ್ಟರ್ ಮಾಂಡೇಲ್ ಎರಡನೇ ಟಿವಿ ಚರ್ಚೆಗೆ ನಿಂತರು. ಎರಡು ವಾರದ ಹಿಂದೆ ಲೂಯಿವಿಲ್‌ನಲ್ಲಿ ನಡೆದ ಮೊದಲ ಚರ್ಚೆಯಲ್ಲಿ ರೇಗನ್ ತಡವರಿಸಿದ್ದರು. 73ರ ವಯಸ್ಸು ಅವರಿಗೆ ಭಾರವಾಗಿದೆಯೇ ಎಂಬ ಮಾತು ಎಲ್ಲೆಡೆ ಎದ್ದಿತ್ತು. ಪತ್ರಕರ್ತರೊಬ್ಬರು ಅದನ್ನೇ ಕೇಳಿದರು: ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನಲ್ಲಿ ಕೆನಡಿ ದಿನಗಟ್ಟಲೆ ನಿದ್ದೆಗೆಟ್ಟರು, ಅಂಥ ಹೊತ್ತು ಬಂದರೆ ನಿಮ್ಮಿಂದ ಆಗುತ್ತದೆಯೇ? ಖಂಡಿತ ಆಗುತ್ತದೆ ಎಂಬ ಧಾಟಿಯಲ್ಲಿ ಆರಂಭಿಸಿದ ರೇಗನ್, ವಯಸ್ಸನ್ನು ತಾವು ಚುನಾವಣೆಯ ವಿಷಯ ಮಾಡುವುದಿಲ್ಲ, ಎದುರಾಳಿಯ ಎಳೆತನವನ್ನೂ ಅನನುಭವವನ್ನೂ ರಾಜಕೀಯ ಲಾಭಕ್ಕೆ ಬಳಸಿಕೊಳ್ಳುವುದಿಲ್ಲ ಎಂದರು. ಸಭಾಂಗಣ ನಗೆಯಲ್ಲಿ ಮುಳುಗಿತು. 56ರ ಮಾಂಡೇಲ್ ಕೂಡ ನಕ್ಕರು. ಕೇಳಿದ ಪ್ರಶ್ನೆ ಆ ನಗೆಯಲ್ಲಿ ಕೊಚ್ಚಿಹೋಯಿತು.

ಬಹಳ ವರ್ಷಗಳ ನಂತರ ಸ್ಟೀವನ್ ಫೈನ್, ಜಾರ್ಜ್ ಗೋಥಲ್ಸ್ ಮತ್ತು ಮ್ಯಾಥ್ಯೂ ಕುಗ್ಲರ್ ಎಂಬ ಸಂಶೋಧಕರು ಆ ಚರ್ಚೆಯ ವಿಡಿಯೊವನ್ನು ವಿದ್ಯಾರ್ಥಿಗಳಿಗೆ ಮೂರು ಬಗೆಯಲ್ಲಿ ತೋರಿಸಿದರು. ಒಂದು ಇದ್ದದ್ದು ಇದ್ದ ಹಾಗೆ. ಇನ್ನೊಂದರಲ್ಲಿ ರೇಗನ್ ಅವರ ಚಟಾಕಿಗಳನ್ನೇ ಕತ್ತರಿಸಲಾಗಿತ್ತು. ಮೂರನೆಯದರಲ್ಲಿ ಚಟಾಕಿಗಳು ಇದ್ದವು, ಸಭಿಕರ ನಗೆ ಇರಲಿಲ್ಲ. 2007ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ನಗೆಯನ್ನು ತೆಗೆದು ಮಾತನ್ನಷ್ಟೇ ಉಳಿಸಿದಾಗ ರೇಗನ್ ಅವರಿಗೆ ಸಿಕ್ಕ ಅಂಕ ಗಣನೀಯವಾಗಿ ಕುಸಿಯಿತು. ಮನುಷ್ಯ ಅವನೇ, ಮಾತೂ ಅದೇ. ಬದಲಾದದ್ದು ಅಪರಿಚಿತರ ನಗು ಮಾತ್ರ. ಹಾಗಾದರೆ ತೀರ್ಪು ಕೊಟ್ಟದ್ದು ನೋಡುಗನೋ, ಅವನ ಕಿವಿಗೆ ಬಿದ್ದ ನಗೆಯೋ?

ಟಿವಿ ಚರ್ಚೆ ಮುಗಿದ ಕ್ಷಣದಲ್ಲೇ ವಾಹಿನಿಗಳು ಕೇಳುವ ಪ್ರಶ್ನೆ ಒಂದೇ: ಗೆದ್ದದ್ದು ಯಾರು? ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿತೋ ಇಲ್ಲವೋ ಎಂದು ನೋಡಿ ಹೇಳಬಹುದು. ಚರ್ಚೆಯಲ್ಲಿ ಅಂಥ ನೆಲವೇ ಇಲ್ಲ. ಮತಪೆಟ್ಟಿಗೆಯೂ ಆ ಕೆಲಸಕ್ಕೆ ಬರುವುದಿಲ್ಲ. 2012ರ ಅಕ್ಟೋಬರ್‌ನಲ್ಲಿ ಡೆನ್ವರ್‌ನ ಚರ್ಚೆ ನೋಡಿದವರಲ್ಲಿ ಶೇ 72 ಮಂದಿ ಮಿಟ್ ರಾಮ್ನಿ ಮೇಲಾದರು ಎಂದೂ ಶೇ 20 ಮಂದಿ ಬರಾಕ್ ಒಬಾಮ ಮೇಲಾದರು ಎಂದೂ ಗ್ಯಾಲಪ್ ಸಮೀಕ್ಷೆಗೆ ಹೇಳಿದರು. ಚುನಾವಣೆ ಗೆದ್ದವರು ಒಬಾಮ. 2016ರಲ್ಲಿ ಸಿಎನ್‌ಎನ್ ಸಮೀಕ್ಷೆಗಳು ಮೂರೂ ಚರ್ಚೆಗಳನ್ನು ಹಿಲರಿ ಕ್ಲಿಂಟನ್ ಅವರಿಗೆ ಕೊಟ್ಟವು, ಶ್ವೇತಭವನಕ್ಕೆ ಹೋದವರು ಡೊನಾಲ್ಡ್ ಟ್ರಂಪ್. ಬ್ರಿಟನ್ನಿನಲ್ಲಿ 2010ರ ಮೊದಲ ಚರ್ಚೆಯ ಮರುದಿನ ನಿಕ್ ಕ್ಲೆಗ್ ದೇಶದ ಕಣ್ಮಣಿಯಾಗಿದ್ದರು. ಮೂರು ವಾರದ ನಂತರ ಎಣಿಕೆ ಮುಗಿದಾಗ ಅವರ ಲಿಬರಲ್ ಡೆಮಾಕ್ರಾಟ್ ಪಕ್ಷ ಹಿಂದಿನ ಚುನಾವಣೆಗಿಂತ ಕಡಿಮೆ ಸ್ಥಾನ ಪಡೆದಿತ್ತು. ಹಾಗೆಂದು ಚರ್ಚೆಗಳು ವ್ಯರ್ಥ ಎನ್ನುವುದು ತಪ್ಪಾಗುತ್ತದೆ. ಗೆಲುವು-ಸೋಲಿನ ಲೆಕ್ಕ ಚರ್ಚೆಯ ನಿಜವಾದ ಪ್ರಯೋಜನವನ್ನು ಅಳೆಯುವುದೇ ಇಲ್ಲ ಎಂಬುದಷ್ಟೇ ಇವು ತೋರಿಸುವ ಸಂಗತಿ.

ಈ ವಿಷಯ ಬಂದಾಗಲೆಲ್ಲ 1960ರ ಸೆಪ್ಟೆಂಬರ್ 26ರ ಷಿಕಾಗೊ ಚರ್ಚೆಯ ಕಥೆ ಬರುತ್ತದೆ. ಮೊಣಕಾಲಿನ ನೋವಿಗೆ ಆಸ್ಪತ್ರೆ ಸೇರಿ ಸೊರಗಿದ್ದ ರಿಚರ್ಡ್ ನಿಕ್ಸನ್, ಮಾಸಲು ಸೂಟು, ಕುರುಚಲು ಗಡ್ಡದ ನೆರಳು. ಎದುರಿಗೆ ಕಳೆಕಳೆಯಾಗಿದ್ದ ಜಾನ್ ಕೆನಡಿ. ಟಿವಿ ನೋಡಿದವರು ಕೆನಡಿ ಗೆದ್ದರು ಎಂದರು, ರೇಡಿಯೊ ಕೇಳಿದವರು ನಿಕ್ಸನ್ ಗೆದ್ದರು ಎಂದರು ಎಂಬುದು ಆ ಕಥೆಯ ತಿರುಳು. ಆದರೆ ರೇಡಿಯೊ ಕೇಳುಗರ ಬಗೆಗಿನ ಮಾತಿಗೆ ಆಧಾರ ತೀರ ತೆಳುವಾದದ್ದು. 1987ರಲ್ಲಿ ಸಂಶೋಧಕರಾದ ಡೇವಿಡ್ ವ್ಯಾನ್ಸಿಲ್ ಮತ್ತು ಸ್ಯೂ ಪೆಂಡೆಲ್ ಅದನ್ನು ಜಾಲಾಡಿದಾಗ, ಸಮೀಕ್ಷೆಗೆ ಸಿಕ್ಕ ರೇಡಿಯೊ ಕೇಳುಗರು ಕೆಲವೇ ಮಂದಿ, ಅವರು ಮೊದಲೇ ಯಾವ ಪಕ್ಷದತ್ತ ಒಲಿದಿದ್ದರು ಎಂಬುದನ್ನು ತೂಗಿ ನೋಡಿರಲಿಲ್ಲ ಎಂಬುದು ಹೊರಬಿತ್ತು. 2003ರಲ್ಲಿ ಇನ್ನೊಬ್ಬ ಸಂಶೋಧಕ ಜೇಮ್ಸ್ ಡ್ರಕ್‌ಮನ್ ಆ ಚರ್ಚೆಯನ್ನು ಹೊಸ ತಲೆಮಾರಿನವರ ಮುಂದೆ ಇಟ್ಟರು. ಕೆಲವರಿಗೆ ಧ್ವನಿ ಮಾತ್ರ, ಕೆಲವರಿಗೆ ಚಿತ್ರವೂ ಸಹಿತ. ಚಿತ್ರ ನೋಡಿದವರು ಕೆನಡಿಯತ್ತ ಹೆಚ್ಚು ವಾಲಿದರು, ತೀರ್ಪಿನಲ್ಲಿ ವ್ಯಕ್ತಿತ್ವಕ್ಕೆ ಹೆಚ್ಚು ತೂಕ ಕೊಟ್ಟರು. ಕಥೆ ಅಲುಗಾಡಿತು, ಅದರೊಳಗಿನ ಅನುಮಾನ ಮಾತ್ರ ಪೂರ್ತಿ ಸುಳ್ಳಾಗಲಿಲ್ಲ.

ಇಷ್ಟಕ್ಕೆ ನಿಲ್ಲುವವರು ಒಂದು ಸುಲಭದ ತೀರ್ಮಾನಕ್ಕೆ ಬರುತ್ತಾರೆ: ಮುಖ ನೋಡಬೇಡಿ, ವಾದ ಮಾತ್ರ ನೋಡಿ. ಕೇಳಲು ಇದು ನ್ಯಾಯವಾಗಿದೆ. ಆದರೆ 2024ರ ಜೂನ್ 27ರ ಅಟ್ಲಾಂಟಾ ಚರ್ಚೆಯ ಮುಂದೆ ಈ ಸಲಹೆ ನಿಲ್ಲುವುದಿಲ್ಲ. ಅಲ್ಲಿ ಸಭಿಕರೇ ಇರಲಿಲ್ಲ, ಒಬ್ಬರು ಮಾತನಾಡುವಾಗ ಇನ್ನೊಬ್ಬರ ಮೈಕ್ ಬಂದ್. ನಗೆಯ ಹಂಗಿಲ್ಲದ ಆ ಕೋಣೆಯಲ್ಲಿ ಜೋ ಬೈಡನ್ ಗಂಟಲು ಕಟ್ಟಿದ ದನಿಯಲ್ಲಿ ಮಾತು ಆರಂಭಿಸಿ, ವಾಕ್ಯದ ನಡುವೆ ದಾರಿ ತಪ್ಪಿ, ಕೊನೆಗೆ ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್ ಯೋಜನೆಯನ್ನೇ ತಾವು ಸೋಲಿಸಿದ್ದಾಗಿ ಹೇಳಿಬಿಟ್ಟರು. ಜುಲೈ 21ರಂದು ಅವರು ಕಣದಿಂದ ಹಿಂದೆ ಸರಿದರು. ಬರಹಕ್ಕಿಳಿಸಿದ ಪ್ರತಿಯನ್ನು ಓದಿದವರಿಗೆ ಆ ರಾತ್ರಿಯ ಅರ್ಧ ಸತ್ಯ ಮಾತ್ರ ಸಿಗುತ್ತಿತ್ತು. ಕಣ್ಣು ಕಂಡದ್ದು ಇಲ್ಲಿ ಭ್ರಮೆಯಾಗಿರಲಿಲ್ಲ.

ನಿಕ್ಸನ್ ಗಡ್ಡಕ್ಕೂ ಬೈಡನ್ ತಡವರಿಕೆಗೂ ಇರುವ ವ್ಯತ್ಯಾಸ ಕಣ್ಣಿಗೆ ಸೇರಿದ್ದಲ್ಲ. ಅದು ಕಾರಣಕ್ಕೆ ಸೇರಿದ್ದು. ಗಡ್ಡ ಕುರುಚಲಾಗಿತ್ತು, ಹಾಗಾಗಿ ಈತ ರಾಷ್ಟ್ರಾಧ್ಯಕ್ಷನಾಗಬಾರದು ಎಂದು ನಿಕ್ಸನ್ ಬೆಂಬಲಿಗನ ಮುಂದೆ ನಾಚಿಕೆಯಿಲ್ಲದೆ ಹೇಳಲಾಗದು. ನಾಲ್ಕು ವರ್ಷ ಅತ್ಯಂತ ಕಠಿಣ ಹುದ್ದೆ ನಿಭಾಯಿಸಬೇಕಾದವರು ತೊಂಬತ್ತು ನಿಮಿಷ ಮಾತಿನ ಎಳೆ ಹಿಡಿಯಲಾರದೆ ಹೋದರು ಎಂದು ಬೈಡನ್ ಬೆಂಬಲಿಗನ ಮುಂದೆಯೂ ಹೇಳಬಹುದು. ಆತ ಒಪ್ಪದಿರಬಹುದು, ಅದನ್ನು ಕಾರಣವೇ ಅಲ್ಲ ಎನ್ನಲಾರ. ಅಳತೆಗೋಲು ಇಲ್ಲಿದೆ: ಎದುರು ಪಾಳೆಯದವನಿಗೆ ಬಿಡಿಸಿ ಹೇಳಬಹುದಾದ, ಹುದ್ದೆಯ ಕೆಲಸಕ್ಕೆ ನಂಟಿರುವ ಕಾರಣವಿದ್ದರೆ ಮಾತ್ರ ಅದು ತೀರ್ಪು. ಇಲ್ಲದಿದ್ದರೆ ಅದು ಇಷ್ಟಾನಿಷ್ಟ.

ಇದೇ ಅಳತೆಗೋಲನ್ನು ಇತರರ ಪ್ರಭಾವಕ್ಕೂ ಹಿಡಿಯಬೇಕು. 1976ರ ಅಕ್ಟೋಬರ್ 6ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನಡೆದ ಚರ್ಚೆಯಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್, ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತವೇ ಇಲ್ಲ ಎಂದುಬಿಟ್ಟರು. ಪ್ರಶ್ನೆ ಕೇಳಿದ್ದ ನ್ಯೂಯಾರ್ಕ್ ಟೈಮ್ಸ್‌ನ ಮ್ಯಾಕ್ಸ್ ಫ್ರಾಂಕಲ್ ನಂಬಲಾಗದೆ ಮತ್ತೆ ಕೆದಕಿದರು, ಫೋರ್ಡ್ ತಿದ್ದಿಕೊಳ್ಳಲಿಲ್ಲ. ಆ ರಾತ್ರಿ ಸಮೀಕ್ಷೆಗೆ ಸಿಕ್ಕವರಲ್ಲಿ ಹೆಚ್ಚಿನವರು ಫೋರ್ಡ್ ಮೇಲುಗೈ ಎಂದರು. ಮರುದಿನವಿಡೀ ಪತ್ರಿಕೆಗಳೂ ಟಿವಿಯೂ ಆ ತಪ್ಪನ್ನು ಎತ್ತಿ ಹೇಳಿದ ಮೇಲೆ, ಸಂಜೆಯ ಹೊತ್ತಿಗೆ ಲೆಕ್ಕ ತಿರುವುಮುರುವಾಗಿ ಎದುರಾಳಿ ಜಿಮ್ಮಿ ಕಾರ್ಟರ್ ಬಹಳ ಮುಂದೆ ಹೋದರು. 2000ದಲ್ಲಿ ಬಾಸ್ಟನ್‌ನಲ್ಲೂ ಹೀಗೇ ಆಯಿತು. ಚರ್ಚೆ ಮುಗಿದೊಡನೆ ಕೆಲವು ಸಮೀಕ್ಷೆಗಳಲ್ಲಿ ಮುಂದಿದ್ದ ಆಲ್ ಗೋರ್, ಜಾರ್ಜ್ ಬುಷ್ ಮಾತನಾಡುವಾಗ ಬಿಟ್ಟ ನಿಟ್ಟುಸಿರುಗಳು ಟಿವಿಯಲ್ಲಿ ಮತ್ತೆ ಮತ್ತೆ ಬಂದಾಗ ಹಿಂದೆ ಬಿದ್ದರು.

ಎರಡೂ ಸಂದರ್ಭಗಳಲ್ಲಿ ನೋಡುಗರ ಅಭಿಪ್ರಾಯವನ್ನು ಬೇರೆಯವರು ತಿರುಗಿಸಿದರು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಫೋರ್ಡ್ ವಿಷಯದಲ್ಲಿ ಪತ್ರಿಕೆಗಳು ಓದುಗನಿಗೆ ಕೊಟ್ಟದ್ದು ಪರಿಶೀಲಿಸಬಹುದಾದ ಒಂದು ಸಂಗತಿ. ಪೋಲೆಂಡಿನಲ್ಲಿ ಸೋವಿಯತ್ ಸೇನೆ ಇದ್ದದ್ದು ಯಾರದೋ ಅಭಿಪ್ರಾಯವಾಗಿರಲಿಲ್ಲ. ಅದನ್ನು ತಿಳಿದು ಮನಸ್ಸು ಬದಲಿಸಿದವನು ಮರುಳಾದವನಲ್ಲ, ಕಲಿತವನು. ಗೋರ್ ವಿಷಯದಲ್ಲಿ ಸಿಕ್ಕದ್ದು ನಿಟ್ಟುಸಿರಿನ ಪುನರಾವರ್ತನೆ ಮಾತ್ರ. ಎದುರಾಳಿ ಮಾತನಾಡುವಾಗ ಕೇಳುತ್ತಿರುವವನ ಮುಖವನ್ನು ಕ್ಯಾಮೆರಾ ತೋರಿಸದಿದ್ದರೆ ಆ ಗದ್ದಲವೇ ಇರುತ್ತಿರಲಿಲ್ಲ. ಫ್ರಾನ್ಸಿನಲ್ಲಿ 1981ರ ಚರ್ಚೆಗೆ ಮುನ್ನ ಅಧ್ಯಕ್ಷ ಹುದ್ದೆಯ ಅಭ್ಯರ್ಥಿ ಮಿತ್ತರಾಂ ಕಡೆಯವರು ಇಟ್ಟ ಉದ್ದನೆಯ ಷರತ್ತುಗಳ ಪಟ್ಟಿಯಲ್ಲಿ ಇಂಥ ಮುಖಭಾವದ ದೃಶ್ಯಗಳಿಗೆ ತಡೆಯೂ ಸೇರಿತ್ತು. ಅದು ಅವರ ಅನುಕೂಲಕ್ಕೇ ಇರಬಹುದು, ನೋಡುಗನಿಗೂ ಅದರಿಂದ ಉಪಕಾರವಾಯಿತು.

ಪರದೆಯ ಅಡಿಯಲ್ಲಿ ಹರಿದಾಡುವ ಗೆರೆಯಂತೂ ಕಾರಣದ ಸೋಗನ್ನೂ ಹಾಕುವುದಿಲ್ಲ. ಆಯ್ದ ಕೆಲವರು ಗುಂಡಿ ತಿರುಗಿಸಿ ತಮ್ಮ ಇಷ್ಟಾನಿಷ್ಟ ಸೂಚಿಸಿದಂತೆ ಏರಿಳಿಯುವ ಈ ಗೆರೆಗೆ ಆಸ್ಟ್ರೇಲಿಯಾ ಮತ್ತು ಬ್ರಿಟನ್ನಿನಲ್ಲಿ ‘ಹುಳು’ ಎಂದೇ ಹೆಸರು. 2010ರಲ್ಲಿ ಬ್ರಿಟನ್ನಿನ ಸಂಶೋಧಕರು 150 ಜನರಿಗೆ ಪ್ರಧಾನಿ ಅಭ್ಯರ್ಥಿಗಳ ಮೂರನೇ ಚರ್ಚೆಯನ್ನು ನೇರಪ್ರಸಾರದಲ್ಲೇ ತೋರಿಸಿದರು. ಆದರೆ ಹುಳುವನ್ನು ತೆರೆಮರೆಯಲ್ಲಿ ತಾವೇ ಆಡಿಸಿದರು: ಒಂದು ಗುಂಪಿಗೆ ಗೋರ್ಡನ್ ಬ್ರೌನ್ ಪರವಾಗಿ, ಇನ್ನೊಂದಕ್ಕೆ ಕ್ಲೆಗ್ ಪರವಾಗಿ. ಯಾರು ಗೆದ್ದರು ಎಂಬ ಅಭಿಪ್ರಾಯ ಹುಳು ತೋರಿದ ದಿಕ್ಕಿಗೇ ಹೊರಳಿತು. ಲಕ್ಷಾಂತರ ಮತದಾರರ ಕಣ್ಣ ಮುಂದೆ ಇಂಥದೊಂದನ್ನು ಓಡಿಸುವುದು ಮನರಂಜನೆಯ ವಿಷಯವಲ್ಲ, ತಡೆಯಬೇಕಾದ ವಿಷಯ.

ಮಾತಿನ ಸ್ಪರ್ಧೆಯನ್ನು ಕೇಳಿ ತೂಗುವ ಕಲೆ ಕನ್ನಡ ನಾಡಿಗೆ ಹೊಸದಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಅರ್ಥಧಾರಿಗಳ ವಾದ, ಅಷ್ಟೇ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕುಳಿತು, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಪ್ರಶ್ನಿಸುವಾಗ ಸಭೆ ತಲೆದೂಗುತ್ತಿತ್ತು. ವಾಲಿ ಸಾಯುತ್ತಾನೆ ಎಂಬುದು ಎಲ್ಲರಿಗೂ ಗೊತ್ತು, ಆದರೂ ‘ಇವತ್ತು ವಾಲಿಯದ್ದೇ ಮೇಲು’ ಎಂದುಕೊಂಡು ಮನೆಗೆ ಹೋಗಲು ಅಡ್ಡಿಯಿಲ್ಲ. ಪ್ರಸಂಗದ ಕೊನೆ ಮೊದಲೇ ನಿಶ್ಚಿತವಾದ್ದರಿಂದ ಅಲ್ಲಿ ಮಾತಿನ ಸೊಗಸನ್ನೂ ವಾದದ ಸತ್ಯವನ್ನೂ ಬೇರೆ ಬೇರೆಯಾಗಿ ಸವಿಯುವುದು ಸಾಧ್ಯ. ಟಿವಿ ಚರ್ಚೆಯ ನೋಡುಗನಿಗೆ ಈ ಸೌಲಭ್ಯವಿಲ್ಲ. ಅವನ ಮೆಚ್ಚುಗೆ ನೇರವಾಗಿ ಮತವಾಗುತ್ತದೆ, ಮತ ಸರ್ಕಾರವಾಗುತ್ತದೆ.

ಹಾಗಾಗಿ ಇಲ್ಲಿ ಬೇಕಾದದ್ದು ರಸಿಕತೆಗಿಂತ ನಿಷ್ಠುರವಾದ ಇನ್ನೊಂದು ಪರಂಪರೆ. ಗೌತಮನ ನ್ಯಾಯಸೂತ್ರಗಳು ಸತ್ಯ ತಿಳಿಯಲು ನಡೆಸುವ ವಾದವನ್ನು, ಹೇಗಾದರೂ ಗೆಲ್ಲಲು ಹೂಡುವ ಜಲ್ಪವನ್ನು, ತನ್ನದೇನನ್ನೂ ಸ್ಥಾಪಿಸದೆ ಎದುರಾಳಿಯನ್ನು ಬರಿದೆ ಕೆಡಹುವ ವಿತಂಡವನ್ನು ಬೇರ್ಪಡಿಸುತ್ತವೆ. ಕೊನೆಯ ಅಧ್ಯಾಯದಲ್ಲಿ 22 ನಿಗ್ರಹಸ್ಥಾನಗಳನ್ನು, ಅಂದರೆ ವಾದಿ ಸಿಕ್ಕಿಬೀಳುವ ಜಾಗಗಳನ್ನು, ಪಟ್ಟಿ ಮಾಡುತ್ತವೆ. ವಿಷಯ ಬಿಟ್ಟು ಬೇರೆ ಮಾತಿಗೆ ಹಾರುವುದು ಅರ್ಥಾಂತರ. ನೆಪ ಹೇಳಿ ಜಾರಿಕೊಳ್ಳುವುದು ವಿಕ್ಷೇಪ. ಉತ್ತರ ಹೊಳೆಯದಿರುವುದು ಅಪ್ರತಿಭೆ. ಎದುರಾಳಿ ಸಿಕ್ಕಿಬಿದ್ದಾಗಲೂ ಅದನ್ನು ಎತ್ತಿ ತೋರಿಸದಿರುವುದು ಕೂಡ ಒಂದು ದೋಷವೇ. ಈ ಪಟ್ಟಿ ಚಪ್ಪಾಳೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೇಳಿದ್ದೇನು, ಬಂದದ್ದೇನು ಎಂದಷ್ಟೇ ನೋಡುತ್ತದೆ.

ಈ ಪಟ್ಟಿ ಹಿಡಿದು 2024ರ ಸೆಪ್ಟೆಂಬರ್ 10ರ ಫಿಲಡೆಲ್ಫಿಯಾ ಚರ್ಚೆಯನ್ನು ನೋಡಬಹುದು. ಸುಮಾರು 6.7 ಕೋಟಿ ಜನ ನೋಡಿದ ಆ ಚರ್ಚೆಯಲ್ಲಿ ಕಮಲಾ ಹ್ಯಾರಿಸ್ ಗೆದ್ದರು ಎಂದು ಸಿಎನ್‌ಎನ್ ಸಮೀಕ್ಷೆಯ ಶೇ 63 ಮಂದಿ ಹೇಳಿದರು. ಅವರಿಗೆ ಬಂದ ಮೊದಲ ಪ್ರಶ್ನೆ, ಅಮೆರಿಕದ ಜನ ನಾಲ್ಕು ವರ್ಷದ ಹಿಂದಿಗಿಂತ ಈಗ ಚೆನ್ನಾಗಿದ್ದಾರೆಯೇ ಎಂಬುದು. ಹೌದು, ಇಲ್ಲ ಎರಡನ್ನೂ ಅವರು ಹೇಳಲಿಲ್ಲ. ಮಧ್ಯಮ ವರ್ಗದ ಬಾಲ್ಯದಿಂದ ಆರಂಭಿಸಿ ಮುಂದಿನ ಯೋಜನೆಗಳಿಗೆ ಹೋದರು. ಗಡಿ ದಾಟಿ ಬರುವವರ ವಿಷಯದಲ್ಲಿ ಸರ್ಕಾರ ಕ್ರಮಕ್ಕೆ ಚುನಾವಣೆ ಹತ್ತಿರವಾಗುವವರೆಗೆ ಕಾದದ್ದೇಕೆ ಎಂದು ನಿರೂಪಕ ಡೇವಿಡ್ ಮ್ಯೂರ್ ಕೇಳಿದಾಗ, ಹ್ಯಾರಿಸ್ ಉತ್ತರದ ಕೊನೆಗೆ ಟ್ರಂಪ್ ಸಭೆಗಳಿಂದ ಬೇಸತ್ತ ಜನ ಬೇಗ ಎದ್ದು ಹೋಗುತ್ತಾರೆ ಎಂಬ ಗಾಳ ಬಿಟ್ಟರು. ಟ್ರಂಪ್ ಅದನ್ನು ನುಂಗಿದರು. ತಮ್ಮ ಸಭೆಗಳ ಗಾತ್ರ, ಅಲ್ಲಿಂದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಲಸಿಗರು ನಾಯಿಗಳನ್ನು ತಿನ್ನುತ್ತಾರೆ ಎಂಬ ಆಧಾರವಿಲ್ಲದ ಮಾತು. ಮರುದಿನ ಜಗತ್ತು ನಾಯಿಗಳ ಬಗ್ಗೆ ಮಾತನಾಡಿತು. ಕಾದದ್ದೇಕೆ ಎಂಬ ಪ್ರಶ್ನೆ ಯಾರ ನೆನಪಿನಲ್ಲೂ ಉಳಿಯಲಿಲ್ಲ, ಟ್ರಂಪ್ ಕೂಡ ಆ ಹೊತ್ತಿನಲ್ಲಿ ಅದನ್ನು ಹಿಡಿದು ಕೇಳಲಿಲ್ಲ.

ಟ್ರಂಪ್ ಅವರ ಕಡೆಯ ಬಾಕಿ ಇನ್ನೂ ದೊಡ್ಡದು. ಯುದ್ಧದಲ್ಲಿ ಉಕ್ರೇನ್ ಗೆಲ್ಲಬೇಕೆಂದು ಬಯಸುತ್ತೀರಾ ಎಂದರೆ ಯುದ್ಧ ನಿಲ್ಲಬೇಕು ಎಂದರು. ಗರ್ಭಪಾತದ ರಾಷ್ಟ್ರವ್ಯಾಪಿ ನಿಷೇಧ ಮಂಜೂರಾಗಿ ಬಂದರೆ ತಡೆಯುತ್ತೀರಾ ಎಂದರೆ ಅಂಥ ಸಂದರ್ಭವೇ ಬಾರದು ಎಂದರು. ಆರೋಗ್ಯ ವಿಮೆಗೆ ಯೋಜನೆ ಇದೆಯೇ ಎಂದರೆ, ಯೋಜನೆಯ ಪರಿಕಲ್ಪನೆಗಳಿವೆ ಎಂದರು. ಇಬ್ಬರ ಪಾಲಿನ ಇಷ್ಟೂ ಬಾಕಿಯನ್ನು ಬರೆದಿಟ್ಟುಕೊಂಡ ಮತದಾರ ಹ್ಯಾರಿಸ್ ಅವರಿಗೇ ಮತ ಹಾಕಬಹುದು, ಟ್ರಂಪ್ ಅವರಿಗೂ ಹಾಕಬಹುದು. ಆದರೆ ಯಾವುದಕ್ಕೆ ಉತ್ತರ ಸಿಗದೆ ಮತ ಹಾಕುತ್ತಿದ್ದೇನೆ ಎಂಬುದು ಅವನಿಗೆ ತಿಳಿದಿರುತ್ತದೆ. ಗೆದ್ದವರ ಹೆಸರು ಮಾತ್ರ ತಿಳಿದವನಿಗೆ ಈ ಅರಿವು ಇರುವುದಿಲ್ಲ.

ಭಾರತದ ಮತದಾರನಿಗೆ ಇಷ್ಟು ಬರೆದಿಟ್ಟುಕೊಳ್ಳುವ ಅವಕಾಶವೂ ಸಿಕ್ಕಿಲ್ಲ. 2024ರ ಮೇ ತಿಂಗಳಲ್ಲಿ ನ್ಯಾಯಮೂರ್ತಿಗಳಾಗಿದ್ದ ಮದನ್ ಲೋಕುರ್, ಎ.ಪಿ. ಶಾ ಮತ್ತು ಪತ್ರಕರ್ತ ಎನ್. ರಾಮ್ ಸೇರಿ ನರೇಂದ್ರ ಮೋದಿ ಹಾಗೂ ರಾಹುಲ್ ಗಾಂಧಿ ಅವರನ್ನು ಸಾರ್ವಜನಿಕ ಚರ್ಚೆಗೆ ಕರೆದರು. ರಾಹುಲ್ ಒಪ್ಪಿದರು. ಬಿಜೆಪಿ ಯುವ ಮೋರ್ಚಾದ ಅಧ್ಯಕ್ಷರಾಗಿದ್ದ ಬೆಂಗಳೂರು ದಕ್ಷಿಣದ ತೇಜಸ್ವಿ ಸೂರ್ಯ, ಮೋರ್ಚಾದ ಉಪಾಧ್ಯಕ್ಷ ಅಭಿನವ್ ಪ್ರಕಾಶ್ ಅವರನ್ನು ಚರ್ಚೆಗೆ ಸೂಚಿಸಿದರು. ಚರ್ಚೆ ನಡೆಯಲಿಲ್ಲ. ಹುದ್ದೆ ಕೇಳುವವರ ಬದಲು ವಕ್ತಾರರು ಬಂದರೆ ಸಿಗುವುದೇನು ಎಂಬುದು ಕನ್ನಡದ ಸುದ್ದಿ ವಾಹಿನಿಗಳನ್ನು ರಾತ್ರಿ ಹಾಕಿದವರಿಗೆಲ್ಲ ಗೊತ್ತು: ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಕೂಗು, ನಾಳೆ ಯಾರನ್ನೂ ಹೊಣೆ ಮಾಡಲಾಗದ ಉತ್ತರಗಳು.

ಕರ್ನಾಟಕದ ಮುಂದಿನ ವಿಧಾನಸಭಾ ಚುನಾವಣೆ 2028ಕ್ಕೆ ಬರಬೇಕು. ಮುಖ್ಯಮಂತ್ರಿ ಹುದ್ದೆಗೆ ನಿಂತವರನ್ನು ಅದಕ್ಕೆ ಮುನ್ನ ಒಂದೇ ಮೇಜಿಗೆ ಕರೆಯಲು ಕಾನೂನು ಬದಲಿಸಬೇಕಿಲ್ಲ. ಸಭಿಕರಿಲ್ಲದ ಒಂದು ಕೋಣೆ, ಪಟ್ಟು ಬಿಡದ ಇಬ್ಬರು ಪ್ರಶ್ನೆಗಾರರು, ಮಾತನಾಡುವವರನ್ನಷ್ಟೇ ತೋರಿಸುವ ಕ್ಯಾಮೆರಾ ಇದ್ದರೆ ಸಾಕು. ವರ್ಷಕ್ಕೆ 50 ಸಾವಿರ ಕೋಟಿ ರೂಪಾಯಿ ಮೀರುವ ಗ್ಯಾರಂಟಿ ಯೋಜನೆಗಳನ್ನು ಮುಂದುವರಿಸುತ್ತೀರಾ, ಮುಂದುವರಿಸಿದರೆ ಯಾವ ಖರ್ಚನ್ನು ಕಡಿಯುತ್ತೀರಿ ಎಂಬುದು ಮೊದಲ ಪ್ರಶ್ನೆಯಾಗಲಿ. ಉತ್ತರ ಬರುವವರೆಗೆ ಎರಡನೆಯದಕ್ಕೆ ಹೋಗದಿರಲಿ.